ನಿಮ್ಮ ಲಾಗಿನ್ ಯಾರ ಕೈಗೂ ಕೊಡಬೇಡಿ: ಆಸ್ಪತ್ರೆಯ ಆಫೀಸಿನಲ್ಲಿ ನನಗಾದದ್ದು

ಆಸ್ಪತ್ರೆಯ ಬಿಲ್ಲಿಂಗ್ ಅಥವಾ ರೆಕಾರ್ಡ್ಸ್ ವಿಭಾಗಕ್ಕೆ ಹೊಸದಾಗಿ ಸೇರುವವರು ದಯವಿಟ್ಟು ಇದನ್ನು ಓದಿ. ಒಂದೂವರೆ ವರ್ಷ ಅಲ್ಲಿ ದುಡಿದು, ಸಾಕಾಗಿ ಬಿಟ್ಟು ಬಂದವಳು ನಾನು.

ಸೇರಿದ ದಿನ ನನ್ನ ಮೇಜಿನ ಡ್ರಾಯರ್‌ನಲ್ಲಿ ಮೂರು ಹಳೇ ಐಡಿ ಕಾರ್ಡ್ ಸಿಕ್ಕವು. ಮೂವರೂ ಒಂದೇ ವರ್ಷದಲ್ಲಿ ಬಂದು ಹೋದವರು. ಯಾಕೆ ಬಿಟ್ಟರು ಅಂತ ಕೇಳಿದೆ. "ಅವರಿಗೆ ಹೊಂದಿಕೊಳ್ಳೋಕೆ ಆಗಲಿಲ್ಲ" ಅಂದರು. ನಾನು ನಂಬಿದೆ.

ಕೆಲಸ ಇಷ್ಟವಾಗಿತ್ತು, ಅದನ್ನು ಹೇಳಲೇಬೇಕು. ಡಾಕ್ಟರ್ ಬರೆದ ಕಾಯಿಲೆಗೆ ಐಸಿಡಿ ಕೋಡ್ (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿರುವ ಗುರುತು) ಹಾಕುವುದು, ಡಿಸ್ಚಾರ್ಜ್ ಸಮ್ಮರಿ ಜೋಡಿಸುವುದು, ವಿಮೆ ಕಂಪನಿ ಕೇಳಿದ ಕಾಗದ ಕಳಿಸುವುದು. ಆ ಪಟ್ಟಿಯ ಹತ್ತನೇ ಆವೃತ್ತಿಯಾದ ಐಸಿಡಿ-10ರಲ್ಲಿ ಟೈಪ್ 2 ಸಕ್ಕರೆ ಕಾಯಿಲೆಗೆ ಇ11. ಮುಂದಿನ ಅಂಕಿ 9 ಆದರೆ ಬೇರೆ ತೊಡಕಿಲ್ಲ ಅಂತ, 2 ಆದರೆ ಕಿಡ್ನಿಗೂ ತೊಂದರೆ ಆಗಿದೆ ಅಂತ. ಒಂದೇ ಅಂಕಿ, ಆದರೆ ರೋಗಿಯ ಕತೆಯೇ ಬದಲಾಗುತ್ತದೆ ಅಲ್ವಾ? ಇಷ್ಟು ಗಮನ ಬೇಡುವ ಕೆಲಸವನ್ನು ಬೈಸಿಕೊಳ್ಳುತ್ತಲೇ ಮಾಡಬೇಕಿತ್ತು. ರೋಗಿಯ ಕಡೆಯವರು ಎದುರಿಗೆ ನಿಂತಿದ್ದರೂ ನಮ್ಮ ಮೇಲ್ವಿಚಾರಕಿ ದನಿ ಇಳಿಸುತ್ತಿರಲಿಲ್ಲ.

ಎಲ್ಲರ ಪಾಸ್‌ವರ್ಡ್ ಒಂದು ಹಳದಿ ಚೀಟಿಯಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿದ್ದರು. "ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ, ಇದರಲ್ಲೇನು ಮುಚ್ಚುಮರೆ?" ಅಂದರು. ನನ್ನದನ್ನೂ ಬರೆದೆ.

ಒಂಬತ್ತನೇ ತಿಂಗಳಲ್ಲಿ ಒಂದು ವಿಮೆ ಕ್ಲೇಮ್ ವಾಪಸ್ ಬಂತು. ರೋಗಿ ದಾಖಲಾದ ಸಮಯ ಫೈಲಿನಲ್ಲಿ ಒಂದು, ಸಿಸ್ಟಂನಲ್ಲಿ ಇನ್ನೊಂದು. ಯಾರು ಯಾವಾಗ ಏನು ತಿದ್ದಿದರು ಅಂತ ಸಿಸ್ಟಂ ಬರೆದಿಡುವ ಆಡಿಟ್ ಲಾಗ್ ತೆಗೆದರೆ, ರಾತ್ರಿ 7.52ಕ್ಕೆ ತಿದ್ದಿದವರ ಜಾಗದಲ್ಲಿ ನನ್ನ ಹೆಸರು. ಆ ದಿನ ನಾನು ಜ್ವರ ಬಂದು ಮನೆಯಲ್ಲಿ ಮಲಗಿದ್ದೆ! ಲಾಗ್‌ಗೆ ಗೊತ್ತಾಗುವುದು ಲಾಗಿನ್ ಯಾರದ್ದು ಅಂತ ಮಾತ್ರ, ಕೀಬೋರ್ಡ್ ಮೇಲಿದ್ದ ಕೈ ಯಾರದ್ದು ಅಂತಲ್ಲ. "ಲಾಗಿನ್ ನಿಮ್ಮದು, ಜವಾಬ್ದಾರಿನೂ ನಿಮ್ಮದೇ" ಅಂತ ಮೆಮೊ ಕೊಟ್ಟರು. ಪಕ್ಕದ ಮೇಜಿನವರು ತಲೆ ಎತ್ತಲಿಲ್ಲ. ರಜೆ ಕೇಳಿದ ಇಮೇಲ್ ಉಳಿದಿತ್ತು, ಅದರಿಂದ ಬಚಾವಾದೆ. ಮೆಮೊ ಹಿಂದಕ್ಕೆ ಪಡೆದರು. ತಿದ್ದಿದ್ದು ಯಾರು ಅಂತ ಕೊನೆಗೂ ಯಾರೂ ಹುಡುಕಲಿಲ್ಲ. ಆ ರೋಗಿಯ ಮನೆಯವರು ಮಾತ್ರ ದುಡ್ಡಿಗಾಗಿ ವಾರಗಟ್ಟಲೆ ಅಲೆದರು. ಅದು ಈಗಲೂ ನನ್ನನ್ನು ಕಾಡುತ್ತದೆ.

ಆಮೇಲೂ ಒಂಬತ್ತು ತಿಂಗಳು ಅಲ್ಲೇ ಇದ್ದೆ. ನಿದ್ದೆ ಹೋಯಿತು, ಕೆಲಸದ ಮೇಲಿನ ಆಸೆಯೂ ಹೋಯಿತು. 2022ರ ಜನವರಿಯಲ್ಲಿ ಜಾರಿಗೆ ಬಂದ ಮುಂದಿನ ಆವೃತ್ತಿ ಐಸಿಡಿ-11ರಲ್ಲಿ ಬರ್ನ್‌ಔಟ್‌ಗೂ ಕೋಡ್ ಇದೆ: ಕ್ಯೂಡಿ85. ಅದು ಕಾಯಿಲೆ ಅಲ್ಲ, ಕೆಲಸದ ಜಾಗದಲ್ಲಿ ತೀರದೇ ಉಳಿದ ಒತ್ತಡದಿಂದ ಬರುವ ಸ್ಥಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇರೆಯವರಿಗೆ ದಿನವೂ ಕೋಡ್ ಹಾಕುತ್ತಿದ್ದ ನನಗೆ ಇದು ಗೊತ್ತಾದದ್ದು ಕೆಲಸ ಬಿಟ್ಟ ಮೇಲೆ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಸೇರುವ ಮೊದಲೇ, ಈ ಜಾಗದಲ್ಲಿದ್ದವರು ಯಾಕೆ ಬಿಟ್ಟರು ಅಂತ ಕೇಳಿ. ನೀರು ಕುಡಿಯೋಕೆ ಎದ್ದರೂ ಲಾಗ್ ಔಟ್ ಮಾಡಿ. ದಾಖಲೆ ತಿದ್ದಲು ಬಾಯಿಮಾತಲ್ಲಿ ಹೇಳಿದರೆ, ಇಮೇಲ್ ಮಾಡಿ ಅನ್ನಿ. ಕಾಗದದಲ್ಲಾದರೆ ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ತಾರೀಕು, ಸಮಯ, ಸಹಿ ಹಾಕಿ. ನಿಮ್ಮ ರಜೆ, ಮೆಮೊಗಳ ಪ್ರತಿ ಇಟ್ಟುಕೊಳ್ಳಿ. ರೋಗಿಯ ಕಾಗದದ ಫೋಟೋ ಮಾತ್ರ ಯಾವತ್ತೂ ತೆಗೆಯಬೇಡಿ, ಅದು ಅವರ ಗುಟ್ಟು.

ಮೆಮೊ ಬಂದರೆ ಅದೇ ದಿನ ಬರವಣಿಗೆಯಲ್ಲಿ ಉತ್ತರ ಕೊಡಿ. ನಾನು ಅಳುತ್ತಾ ಎರಡು ದಿನ ಕಳೆದೆ. ಮೂರನೇ ದಿನ ಹೋಗಿ ನೋಡಿದರೆ ಮಾನಿಟರ್ ಕೆಳಗಿನ ಹಳದಿ ಚೀಟಿ ಇರಲಿಲ್ಲ.