ನಿಕೋಟಿನ್ ಗಮ್ ಮತ್ತು 1800-11-2356: ಹರ್ನಿಯಾ ಆಪರೇಷನ್ ಆದ ಮೇಲೆ ನನಗೆ ಕೆಲಸಕ್ಕೆ ಬಂದದ್ದು

ಆಪರೇಷನ್ ಆದ ಐದನೇ ದಿನ ಈ ರಿವ್ಯೂ ಬರೆದಿದ್ದರೆ, ಸಿಗರೇಟ್ ಬಿಡಲು ತೆಗೆದುಕೊಳ್ಳುವ ಈ ನಿಕೋಟಿನ್ ಗಮ್‌ಗೆ ಒಂದು ಸ್ಟಾರ್ ಕೂಡ ಕೊಡುತ್ತಿರಲಿಲ್ಲ. ಈಗ ಹನ್ನೊಂದನೇ ವಾರ, ನಾಲ್ಕು ಸ್ಟಾರ್ ಕೊಡುತ್ತೇನೆ. ಗಮ್ ಅದೇ. ಅದನ್ನು ಹೇಗೆ ಬಳಸಬೇಕು ಅಂತ ಮೊದಲು ಯಾರೂ ಹೇಳಿರಲಿಲ್ಲ, ಆಮೇಲೆ ಒಬ್ಬರು ಫೋನಿನಲ್ಲಿ ಕನ್ನಡದಲ್ಲೇ ಹೇಳಿಕೊಟ್ಟರು. ಹಾಗಾಗಿ ಇದು ಗಮ್ ಬಗ್ಗೆಯೂ ಹೌದು, ಆ ಫೋನ್ ನಂಬರಿನ ಬಗ್ಗೆಯೂ ಹೌದು. ಫೋನಿಗೆ ಐದಕ್ಕೆ ಐದು.

ನಾನು ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯಲ್ಲಿ, ಅಂದರೆ ಕ್ಯಾಶ್ ಕೌಂಟರಿನಲ್ಲಿ, ಕೂರುವವನು. ಊರು ಕುಂದಾಪುರದ ಹತ್ತಿರ, ಮನೆ ಡೊಂಬಿವಲಿ. ಗಲ್ಲೆಗೆ ಬರುವ ಮೊದಲು ಹದಿನೈದು ವರ್ಷ ಒಳಗೆ ಇಡ್ಲಿ ಹಿಟ್ಟಿನ ಪಾತ್ರೆ ಎತ್ತಿದ್ದೇನೆ. 22 ವರ್ಷ ಸಿಗರೇಟ್ ಸೇದಿದ್ದೇನೆ, ಕೊನೆಕೊನೆಗೆ ದಿನಕ್ಕೆ ಹದಿನಾಲ್ಕು. ಹೊಟ್ಟೆಯ ಕೆಳಗೆ ಬಲಗಡೆ ಗಂಟು ಕಾಣಿಸಿಕೊಂಡಾಗ ಡಾಕ್ಟರ್ ಮುಟ್ಟಿ ನೋಡಿ ಹರ್ನಿಯಾ ಅಂದರು, ಆಪರೇಷನ್ ಮಾಡಿ ಒಳಗೆ ಜಾಲರಿ ಹಾಕಬೇಕು ಅಂದರು, ಅದೇ ಉಸಿರಿನಲ್ಲಿ ಸಿಗರೇಟ್ ನಾಲ್ಕು ವಾರ ಮೊದಲೇ ಬಿಡಬೇಕು ಅಂತಲೂ ಹೇಳಿದರು.

ಯಾಕೆ ಅಂತ ಕೇಳಿದೆ. ಅವರು ಹೇಳಿದ್ದು ಇನ್ನೂ ನೆನಪಿದೆ. ಸಿಗರೇಟಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅಂದರೆ ಗಾಯಕ್ಕೆ ರಕ್ತ ಹೋಗುವುದೂ ಕಡಿಮೆ, ಹೋದ ರಕ್ತದಲ್ಲಿ ಆಮ್ಲಜನಕವೂ ಕಡಿಮೆ. ಗಾಯ ನಿಧಾನ ಕೂಡುತ್ತದೆ, ಕೀವಾಗುವ ಭಯ ಜಾಸ್ತಿ, ಹರ್ನಿಯಾ ಮತ್ತೆ ಬರುವ ಸಾಧ್ಯತೆಯೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದನ್ನೇ ಹೇಳಿದೆ ಅಂತ ಆಮೇಲೆ ಓದಿದೆ: ಆಪರೇಷನ್‌ಗೆ ಸುಮಾರು ನಾಲ್ಕು ವಾರ ಮೊದಲು ಬಿಟ್ಟವರಿಗೆ ತೊಂದರೆ ಕಡಿಮೆ, ನಾಲ್ಕು ವಾರ ದಾಟಿದ ಮೇಲೆ ತಂಬಾಕಿಲ್ಲದ ಪ್ರತಿ ವಾರವೂ ಫಲಿತಾಂಶವನ್ನು 19% ಉತ್ತಮ ಮಾಡುತ್ತದೆ ಅಂತ.

ಇಷ್ಟು ಗೊತ್ತಿದ್ದೂ ನಾನು ನಾಲ್ಕು ವಾರದಲ್ಲಿ ಹದಿನಾಲ್ಕನ್ನು ನಾಲ್ಕಕ್ಕೆ ಇಳಿಸಿದೆ, ಅಷ್ಟೇ. ಕೊನೆಯದನ್ನು ಸೇದಿದ್ದು ಅಡ್ಮಿಟ್ ಆಗುವ ಹಿಂದಿನ ರಾತ್ರಿ.

ಆಸ್ಪತ್ರೆಯಲ್ಲಿ ಎರಡು ದಿನ ಕಷ್ಟ ಗೊತ್ತಾಗಲಿಲ್ಲ. ಡಿಸ್ಚಾರ್ಜ್ ಪೇಪರಿನಲ್ಲಿ ಮಾತ್ರೆ, ಡ್ರೆಸಿಂಗ್, ಭಾರ ಎತ್ತಬಾರದು, ಎಲ್ಲ ಇತ್ತು, ಸಿಗರೇಟ್ ಬಿಟ್ಟವನು ಮನೆಯಲ್ಲಿ ಏನು ಮಾಡಬೇಕು ಅನ್ನುವುದು ಒಂದು ಸಾಲೂ ಇರಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರು. ಬಿಡಿ ಅನ್ನುವುದು ಸುಲಭ, ಬಿಟ್ಟ ಮೂರನೇ ದಿನ ಏನಾಗುತ್ತದೆ ಅಂತಲೂ ಹೇಳಬೇಕಲ್ವಾ? ಬಿಟ್ಟ ಎರಡು ಮೂರು ದಿನಕ್ಕೇ ಚಡಪಡಿಕೆ ತುದಿಗೆ ಹೋಗುತ್ತದೆ, ಅದೇ ಹೊತ್ತಿಗೆ ಹೊಲಿಗೆಯ ನೋವೂ ಇರುತ್ತದೆ. ಯಾವುದು ಯಾವುದರಿಂದ ಅಂತ ತಿಳಿಯುವುದಿಲ್ಲ. ಹೆಂಡತಿಯ ಮೇಲೆ ಸುಮ್ನೆ ರೇಗುತ್ತಿದ್ದೆ. ನಿದ್ದೆ ಇಲ್ಲ. ಮಲವೂ ಗಟ್ಟಿಯಾಯಿತು, ನೋವಿನ ಮಾತ್ರೆಯಿಂದಲೂ ಆಗುತ್ತದೆ, ಸಿಗರೇಟ್ ಬಿಟ್ಟರೂ ಆಗುತ್ತದಂತೆ, ಹರ್ನಿಯಾ ಆದವನು ತಿಣುಕಬಾರದು ಬೇರೆ. ಇದಕ್ಕೆ ಡಾಕ್ಟರನ್ನು ಕೇಳಿ ರಾತ್ರಿ ಈಸಬ್‌ಗೋಲ್ ಶುರು ಮಾಡಿದೆ, ಮೊದಲ ದಿನದಿಂದಲೇ ಕೇಳಿಕೊಳ್ಳಿ.

ಇನ್ನು ಗಮ್. ಮನೆಯ ಕೆಳಗಿನ ಕೆಮಿಸ್ಟ್ ಹತ್ತಿರ 2 ಮಿಲಿಗ್ರಾಂನದ್ದು ಚೀಟಿ ಇಲ್ಲದೆ ಸಿಕ್ಕಿತು. ಕಂಪನಿ ಹೆಸರು ಬರೆಯುವುದಿಲ್ಲ, ಬಳಸುವ ರೀತಿ ಎಲ್ಲದರದ್ದೂ ಹೆಚ್ಚುಕಡಿಮೆ ಒಂದೇ. ಕೆಮಿಸ್ಟ್ ಏನೂ ಹೇಳಲಿಲ್ಲ. ಒಳಗಿನ ಕಾಗದದ ಅಕ್ಷರ ನನ್ನ ಕನ್ನಡಕದಲ್ಲೂ ಓದಲು ಆಗದಷ್ಟು ಸಣ್ಣದು. ಗಮ್ ಅಂದ ಮೇಲೆ ಜಗಿಯುವುದು ತಾನೇ ಅಂತ ಮಕ್ಕಳು ಬಬಲ್ ಗಮ್ ಜಗಿಯುವ ಹಾಗೆ ಜಗಿದೆ. ಗಂಟಲು ಉರಿಯಿತು, ಎದೆ ಉರಿಯಿತು, ಬಿಕ್ಕಳಿಕೆ ಹಿಡಿಯಿತು. ಹರ್ನಿಯಾ ಆಪರೇಷನ್ ಆದ ಮೂರನೇ ದಿನ ಬಿಕ್ಕಳಿಕೆ ಬಂದರೆ ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು, ಪ್ರತಿ ಬಿಕ್ಕಿಗೂ ಹೊಲಿಗೆಯನ್ನು ಒಳಗಿಂದ ಯಾರೋ ಎಳೆದ ಹಾಗೆ. ಅಷ್ಟಾಗಿಯೂ ಸಿಗರೇಟಿನ ಆಸೆ ಒಂದಿಷ್ಟೂ ಕಡಿಮೆ ಆಗಲಿಲ್ಲ. ಉಳಿದ ಗಮ್ ಡ್ರಾಯರಿಗೆ ಹೋಯಿತು.

ಐದನೇ ದಿನ ಹೆಂಡತಿ ತರಕಾರಿಗೆ ಹೋದಾಗ ಅಕ್ಕನ ಮಗನಿಗೆ ದುಡ್ಡು ಕೊಟ್ಟು ಒಂದು ಸಿಗರೇಟ್ ತಾ ಅಂದೆ. ಅವನು ಸೇದುವವನಲ್ಲ. ಟಪರಿಗೆ, ಅಂದರೆ ಬೀದಿ ಬದಿಯ ಗೂಡಂಗಡಿಗೆ, ಹೋಗುವುದು ಗೊತ್ತಿಲ್ಲದೆ ಅಂಗಡಿಯಿಂದ ಒಂದು ಪ್ಯಾಕೇ ತಂದ. "ಮಾಮಾ, ಇದರ ಮೇಲೆ ಏನೋ ನಂಬರ್ ಉಂಟಲ್ಲ, ಬಿಡುವುದಕ್ಕೆ ಫೋನ್ ಮಾಡಿ ಅಂತ" ಎಂದ.

ಇಲ್ಲೊಂದು ವಿಷಯ ಹೇಳಬೇಕು. ಆ ನಂಬರ್ 2018ರ ಸೆಪ್ಟೆಂಬರಿನಿಂದ ಪ್ರತಿ ಪ್ಯಾಕಿನ ಮೇಲೂ ಇದೆ. ನಾನು ಇಷ್ಟು ವರ್ಷ ಒಮ್ಮೆಯೂ ನೋಡಿರಲಿಲ್ಲ, ಯಾಕೆಂದರೆ ನಾನು ಪ್ಯಾಕ್ ಕೊಂಡವನೇ ಅಲ್ಲ. ಟಪರಿಯಲ್ಲಿ ಬಿಡಿ ಸಿಗರೇಟ್, ಜೊತೆಗೆ ಕಟಿಂಗ್ ಚಹಾ, ಅಲ್ಲೇ ನೇತಾಡುವ ಲೈಟರ್. ಮಹಾರಾಷ್ಟ್ರದಲ್ಲಿ ಬಿಡಿ ಸಿಗರೇಟು, ಬೀಡಿ ಮಾರಬಾರದು ಅಂತ 2020ರ ಸೆಪ್ಟೆಂಬರಿನಲ್ಲೇ ಆದೇಶ ಆಗಿದೆ, ಆದರೂ ನಾನು ಕೊಳ್ಳುತ್ತಲೇ ಇದ್ದೆ. ಒಂದೊಂದಾಗಿ ಕೊಳ್ಳುವವನಿಗೆ ಪ್ಯಾಕಿನ ಮೇಲಿನ ಎಚ್ಚರಿಕೆಯ ಚಿತ್ರವೂ ಕಾಣುವುದಿಲ್ಲ, ನಂಬರೂ ಕಾಣುವುದಿಲ್ಲ. ಆ ಕಾನೂನು ಯಾಕೆ ಬೇಕು ಅಂತ ನನಗೆ ಅವತ್ತು ಅರ್ಥವಾಯಿತು.

ಗ್ಯಾಲರಿಯಲ್ಲಿ ನಿಂತು ಅರ್ಧ ಸೇದಿದೆ. ಕೆಮ್ಮು ಹತ್ತಿಕೊಂಡಿತು, ನಿಲ್ಲಲೇ ಇಲ್ಲ. ಹೊಲಿಗೆ ಬಿಚ್ಚಿಹೋಯಿತೇ ಅಂತ ಹೆದರಿ ಕೈಯಿಂದ ಒತ್ತಿ ಹಿಡಿದು ನೆಲದ ಮೇಲೆ ಕೂತೆ. ಹೊಲಿಗೆಗೆ ಏನೂ ಆಗಿರಲಿಲ್ಲ, ಆದರೆ ಆ ಹೆದರಿಕೆ ಹೋಗಲಿಲ್ಲ. ಅಲ್ಲಿಂದಲೇ 1800-11-2356ಕ್ಕೆ ಫೋನ್ ಮಾಡಿದೆ.

ಇದು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಅಂದರೆ ತಂಬಾಕು ಬಿಡಲು ಸಹಾಯ ಮಾಡುವ ಫೋನ್ ಸೇವೆ. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುರುವಾಗಿ, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್, ನಮ್ಮ ಪರೇಲಿನ ಟಾಟಾ ಮೆಮೋರಿಯಲ್, ಗುವಾಹಟಿ ಎಲ್ಲ ಸೇರಿಕೊಂಡಿವೆ. ದುಡ್ಡು ಏನೂ ಇಲ್ಲ. ನಾನು ಮಾಡುವಾಗ ಸಮಯ ಬೆಳಿಗ್ಗೆ 8ರಿಂದ ರಾತ್ರಿ 8, ಸೋಮವಾರ ರಜೆ. ಕನ್ನಡದಲ್ಲಿ ಮಾತಾಡಬೇಕು ಅಂದೆ, ಕನ್ನಡದವರೇ ಸಿಕ್ಕರು. ಮುಂಬೈಯಲ್ಲಿ ಹಿಂದಿ, ಮರಾಠಿಯಲ್ಲಿ ವ್ಯವಹಾರ ಮಾಡಿ ನನಗೆ ಅಭ್ಯಾಸವಿದೆ, ಆದರೆ ನೋವಿನ ಮಾತು, ನಾಚಿಕೆಯ ಮಾತು ನನಗೆ ಕನ್ನಡದಲ್ಲೇ ಬರುವುದು. ಈಗಷ್ಟೇ ಅರ್ಧ ಸೇದಿದೆ ಮೇಡಂ ಅಂತ ಹೇಳಿದಾಗ ಅವರು ಬೈಯಲಿಲ್ಲ. "ಪರವಾಗಿಲ್ಲ ಸರ್, ಉಳಿದ ಅರ್ಧ ಸೇದದೆ ಫೋನ್ ಮಾಡಿದ್ದೀರಲ್ಲ, ಇವತ್ತಿನಿಂದಲೇ ಲೆಕ್ಕ ಇಟ್ಟುಕೊಳ್ಳೋಣ" ಅಂದರು.

ಮೊದಲ ಪ್ರಶ್ನೆ, ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟ್? ಹತ್ತು ನಿಮಿಷ ಅಂದೆ. ಅರ್ಧ ಗಂಟೆಯೊಳಗೆ ಹಚ್ಚುವವರಿಗೆ ಸಾಮಾನ್ಯವಾಗಿ 2 ಸಾಲುವುದಿಲ್ಲ, 4 ಮಿಲಿಗ್ರಾಂ ಬೇಕಾಗುತ್ತದೆ, ಆದರೆ ಗಾಯ ಹಸಿ ಇದೆ, ನಿಮ್ಮ ಸರ್ಜನ್ ಒಪ್ಪಿದರೆ ಮಾತ್ರ ಅಂದರು. ಎರಡನೇ ಪ್ರಶ್ನೆಯೇ ನನ್ನ ಕಣ್ಣು ತೆರೆಸಿದ್ದು: ಗಮ್ ಹಾಕಿಕೊಳ್ಳುವ ಮೊದಲು ಏನು ಕುಡಿಯುತ್ತೀರಿ?

ಕಾಫಿ. ದಿನಕ್ಕೆ ಆರು ಲೋಟ, ಹೋಟೆಲಿನವರ ಅಭ್ಯಾಸ. ಕಾಫಿ ಕುಡಿದ ಕೂಡಲೇ ಸಿಗರೇಟ್ ನೆನಪಾಗುತ್ತಿತ್ತು, ಆ ಕ್ಷಣಕ್ಕೇ ಗಮ್ ಬಾಯಿಗೆ ಹಾಕುತ್ತಿದ್ದೆ. ನಿಕೋಟಿನ್ ಹೋಗಬೇಕಾದ್ದು ಹೊಟ್ಟೆಗಲ್ಲ, ಕೆನ್ನೆಯ ಒಳಚರ್ಮದ ಮೂಲಕ ರಕ್ತಕ್ಕೆ. ಕಾಫಿ, ಹಣ್ಣಿನ ರಸ, ಸೋಡಾದಂಥವು ಬಾಯನ್ನು ಹುಳಿ ಮಾಡುತ್ತವೆ, ಆಗ ಅದು ಒಳಗೆ ಹೋಗುವುದು ತೀರಾ ಕಡಿಮೆ. ಕುಡಿದು 15 ನಿಮಿಷ ಬಿಡಬೇಕು, ಗಮ್ ಬಾಯಲ್ಲಿರುವಾಗಲೂ ಏನೂ ಬೇಡ. ಆಮೇಲೆ ನಿಧಾನ ಜಗಿಯಬೇಕು, ಕಾಳುಮೆಣಸಿನ ಹಾಗೆ ಚುರುಚುರು ಅಂದ ಕೂಡಲೇ ಜಗಿಯುವುದು ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಜಾಗ ಬದಲಿಸಿ ಇಡಬೇಕು. ಹೀಗೆ ಅರ್ಧ ಗಂಟೆ. ಜೊಲ್ಲು ನುಂಗಿ ನುಂಗಿ ನಿಕೋಟಿನ್ ಹೊಟ್ಟೆಗೆ ಹೋದದ್ದಕ್ಕೇ ನನಗೆ ಆ ಬಿಕ್ಕಳಿಕೆ, ಎದೆಯುರಿ. ಎಲೆ ಅಡಿಕೆ, ಹೊಗೆಸೊಪ್ಪು ದವಡೆಗೆ ಇಟ್ಟುಕೊಳ್ಳುವುದನ್ನು ಊರಲ್ಲಿ ನೋಡಿದವನಿಗೆ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ.

ಸರ್ಜನ್‌ಗೆ ಫೋನ್ ಮಾಡಿ ಕೇಳಿದೆ. ಗಮ್‌ನಲ್ಲೂ ನಿಕೋಟಿನ್ ಇದೆ, ಆದರೆ ಹೊಗೆ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ, ಸಿಗರೇಟಿಗಿಂತ ಎಷ್ಟೋ ವಾಸಿ ಅಂತ 4 ಮಿಲಿಗ್ರಾಂನದ್ದು ಬರೆದುಕೊಟ್ಟರು. ಅದಕ್ಕೆ ಕೆಮಿಸ್ಟ್ ಚೀಟಿ ಕೇಳಿದ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಕೇಳದೆ ತೆಗೆದುಕೊಳ್ಳಬೇಡಿ, ನನ್ನ ಲೆಕ್ಕ ನಿಮಗೆ ಸರಿಹೊಂದಬೇಕಂತಿಲ್ಲ.

ಅವತ್ತು ಸಂಜೆ ಕಾಫಿ ಇಲ್ಲದೆ, ಬಾಯಿ ತೊಳೆದು, ಹೇಳಿದ ಹಾಗೆ ಒಂದು ಗಮ್ ಇಟ್ಟುಕೊಂಡೆ. ಇಪ್ಪತ್ತು ನಿಮಿಷಕ್ಕೆ ಕೈ ಬೆರಳಿನ ಚಡಪಡಿಕೆ ನಿಂತಿತು. ಹೆಂಡತಿಯನ್ನು ಕರೆದು ಹೇಳಿದೆ, ಅವಳು ಅತ್ತಳು.

ಗಮ್‌ನ ಕೊರತೆಗಳೂ ಇವೆ. ಸಿಗರೇಟಿನ ಹಾಗೆ ಒಂದೇ ಕ್ಷಣಕ್ಕೆ ಕೆಲಸ ಮಾಡುವುದಿಲ್ಲ, ಆಸೆ ಬಂದ ಮೇಲೆ ಹಾಕಿಕೊಂಡರೆ ತಡ, ಮೊದಲ ವಾರಗಳಲ್ಲಿ ಒಂದೆರಡು ಗಂಟೆಗೊಮ್ಮೆ ಹೊತ್ತು ನೋಡಿ ಹಾಕಿಕೊಳ್ಳಬೇಕು. ದವಡೆ ನೋಯುತ್ತದೆ. ಹಲ್ಲಿಗೆ ಕ್ಯಾಪ್ ಇದ್ದರೆ ಅಂಟುತ್ತದೆ. ಪಾನ್ ರುಚಿಯದ್ದು ತೆಗೆದುಕೊಳ್ಳಬೇಡಿ ಅನ್ನುತ್ತೇನೆ, ಅದು ಬಾಯಲ್ಲಿದ್ದಾಗೆಲ್ಲ ನನಗೆ ಟಪರಿಯೇ ಕಣ್ಣಿಗೆ ಬರುತ್ತಿತ್ತು. ಒಂದಕ್ಕೆ ಹತ್ತು ಹನ್ನೆರಡು ರೂಪಾಯಿ ಬೀಳುತ್ತದೆ, ದಿನಕ್ಕೆ ಹತ್ತು ಬೇಕಾದಾಗ ನೂರು ದಾಟುತ್ತಿತ್ತು, ಆದರೂ ನನ್ನ ಸಿಗರೇಟಿನ ಖರ್ಚಿನ ಅರ್ಧವೂ ಅಲ್ಲ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ನಾನು ಬಳಸಿಲ್ಲ.

ಕೆಮ್ಮಿನ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಬಿಟ್ಟ ಮೇಲೆ ಕೆಲವರಿಗೆ ಕೆಮ್ಮು ಸ್ವಲ್ಪ ದಿನ ಜಾಸ್ತಿ ಆಗುತ್ತದೆ, ಶ್ವಾಸನಾಳದ ಸಣ್ಣ ರೋಮಗಳು ಮತ್ತೆ ಕೆಲಸ ಶುರುಮಾಡಿ ಕಫ ಮೇಲೆ ತಳ್ಳುತ್ತವೆ. ಒಳ್ಳೆಯದೇ, ಆದರೆ ಹೊಟ್ಟೆಯ ಆಪರೇಷನ್ ಆದವನಿಗೆ ನರಕ. ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿದು ಕೆಮ್ಮಬೇಕು. ಆಸ್ಪತ್ರೆಯಲ್ಲಿ ಕೊಟ್ಟ ಮೂರು ಚೆಂಡಿನ ಉಸಿರಾಟದ ಡಬ್ಬಿಯನ್ನು ಮೂಲೆಗೆ ಎಸೆಯಬೇಡಿ, ಆಸೆ ಬಂದಾಗೆಲ್ಲ ನಾನು ಅದನ್ನೇ ಎಳೆಯುತ್ತಿದ್ದೆ. ಬಾಯಿಗೂ ಕೈಗೂ ಕೆಲಸ, ಶ್ವಾಸಕೋಶಕ್ಕೂ ಒಳ್ಳೆಯದು, ಆಸೆಯೂ ಐದು ನಿಮಿಷಕ್ಕೆ ಇಳಿಯುತ್ತದೆ.

ಮನೆಯಲ್ಲಿ ಇದ್ದಷ್ಟು ದಿನ ನಿಜವಾಗಿ ಸುಲಭವೇ ಇತ್ತು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಟಪರಿಗೆ ಇಳಿಯಲು ಆಗುವುದಿಲ್ಲ. ಕಷ್ಟ ಆದದ್ದು ಕೆಲಸಕ್ಕೆ ವಾಪಸ್ ಹೋದ ದಿನ. ಧಣಿಗಳು ಒಳ್ಳೆಯವರು, ಮಧ್ಯಾಹ್ನದ ಪಾಳಿ ಕೊಟ್ಟರು, ರಶ್ ಇಲ್ಲದ ಸ್ಲೋ ಲೋಕಲ್‌ನಲ್ಲಿ ಕೂತು ಹೋಗಬಹುದಾಗಿತ್ತು. ಆದರೆ ನಾಲ್ಕು ಗಂಟೆಗೆ ಅಡುಗೆಯ ಭಟ್ರು ಎಂದಿನಂತೆ ಹೊರಗೆ ಬಂದು ಕಣ್ಣಲ್ಲೇ ಕರೆದರು. ಹದಿನೆಂಟು ವರ್ಷದ ಜೊತೆ ಅದು. ಹಿಂದಿನ ದಿನವೇ ಕ್ವಿಟ್‌ಲೈನಿನವರು ತಾವಾಗಿ ಫೋನ್ ಮಾಡಿ ನಾಳೆ ಕೆಲಸಕ್ಕೆ ಹೋಗುತ್ತೀರಲ್ಲ, ನಾಲ್ಕು ಗಂಟೆಗೆ ಏನು ಮಾಡುತ್ತೀರಿ ಅಂತ ಕೇಳಿದ್ದರು. ಅದಕ್ಕೇ ನಾನು ಅವರಿಗೆ ಐದು ಸ್ಟಾರ್ ಕೊಡುವುದು. ಉತ್ತರ ಮೊದಲೇ ಯೋಚಿಸಿ ಇಟ್ಟಿದ್ದೆ: ಮೂರೂ ಮುಕ್ಕಾಲಿಗೆ ಗಮ್, ಅದು ಮುಗಿದ ಮೇಲೆ ಒಂದು ಲೋಟ ಮಜ್ಜಿಗೆ, ಗಲ್ಲೆ ಬಿಟ್ಟು ಏಳುವುದಿಲ್ಲ. ಭಟ್ರಿಗೆ ಗಾಯ ಇನ್ನೂ ಎಳೆಯುತ್ತದೆ ಅಂದೆ.

ಈಗ ದಿನಕ್ಕೆ ಮೂರು ಗಮ್, ಅದೂ 2 ಮಿಲಿಗ್ರಾಂನದ್ದು. 12 ವಾರಕ್ಕೆ ನಿಲ್ಲಿಸುವ ಲೆಕ್ಕ. ಗಾಯ ಚೆನ್ನಾಗಿ ಕೂಡಿದೆ.

ಮೊನ್ನೆ ಭಾನುವಾರ ರಾತ್ರಿ ಅಂಗಡಿ ಮುಚ್ಚುವಾಗ ಭಟ್ರು ಗಲ್ಲೆ ಹತ್ತಿರ ಬಂದು ಆ ನಂಬರ್ ಕೇಳಿದರು. ಬಿಲ್ಲಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ, ನಾಳೆ ಸೋಮವಾರ ರಜೆ ಅಂತಲೂ ಹೇಳಿದೆ. ಮಂಗಳವಾರ ಬೆಳಗಿನ ತಿಂಡಿಯ ರಶ್ ಇಳಿದ ಮೇಲೆ, ನಾನು ಪಕ್ಕದಲ್ಲಿರುವುದಾದರೆ ಮಾಡುತ್ತೇನೆ ಅಂದಿದ್ದಾರೆ. ಅವತ್ತು ಬೆಳಗಿನ ಪಾಳಿ ಕೇಳಿಕೊಂಡಿದ್ದೇನೆ.