ಒಂದು ಚಾರ್ಟ್‌ನ ಫಾರ್ಮುಲಾ ಇನ್ನೊಂದಕ್ಕೆ ಹಾಕುವ ಮೊದಲು ಇದನ್ನು ಓದಿ

ಟ್ರೇಡಿಂಗ್ ಸಾಫ್ಟ್‌ವೇರ್ ಒಳಗಿನ ಸ್ಪ್ರೆಡ್‌ಶೀಟ್‌ನಲ್ಲಿ ಫಾರ್ಮುಲಾ ಬರೆದು, ಅದರಿಂದಲೇ ಬೈ, ಸೆಲ್ ಆರ್ಡರ್ ಕಳಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗಾದ ನಷ್ಟ ನಿಮಗೆ ಆಗಬಾರದು.

ಎಸ್ ಆಂಡ್ ಪಿ ಇ-ಮಿನಿ ಫ್ಯೂಚರ್ಸ್ (ಅಮೆರಿಕದ ಷೇರು ಸೂಚ್ಯಂಕದ ಮೇಲಿನ ಕಾಂಟ್ರಾಕ್ಟ್) ಚಾರ್ಟ್‌ನಲ್ಲಿ ನನ್ನ ಶೀಟ್ ಚೆನ್ನಾಗಿಯೇ ನಡೆಯುತ್ತಿತ್ತು. ಕ್ಲೋಸ್ ಬೆಲೆ ಮೂವಿಂಗ್ ಆವರೇಜ್ (ಹಿಂದಿನ ಕೆಲವು ಬೆಲೆಗಳ ಸರಾಸರಿ) ದಾಟಿ ಮೇಲೆ ಹೋದರೆ ಬೈ, ಅಷ್ಟೇ. ಅದೇ ಶೀಟನ್ನು ಕ್ರೂಡ್ ಆಯಿಲ್ ಚಾರ್ಟ್‌ಗೂ ಹಾಕಿದೆ. ಎಲ್ಲೂ ಎರರ್ ಬರಲಿಲ್ಲ. ಸಿಗ್ನಲ್‌ಗಳೂ ಬಂದವು. ಬಂದಿದ್ದೆಲ್ಲ ಸುಳ್ಳು ಸಿಗ್ನಲ್.

ಫಾರ್ಮುಲಾಗೆ ಮೂವಿಂಗ್ ಆವರೇಜ್ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಇ-ಮಿನಿ ಶೀಟ್‌ನಲ್ಲಿ ಆ ಆವರೇಜ್ ಇದ್ದ ‘ಎಎ’ ಕಾಲಂ ಮಾತ್ರ. ಚಾರ್ಟ್‌ನಲ್ಲಿ ಇಂಡಿಕೇಟರ್‌ಗಳು (ಬೆಲೆಯಿಂದ ಲೆಕ್ಕ ಹಾಕುವ ಇಂಥ ಸೂಚಕಗಳು) ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಕಾಲಂಗಳು ತುಂಬುತ್ತಿದ್ದವು. ಕ್ರೂಡ್ ಚಾರ್ಟ್‌ನಲ್ಲಿ ಆರ್‌ಎಸ್‌ಐ (ಬೆಲೆ ಏರಿಳಿತದ ಬಲವನ್ನು 0ರಿಂದ 100ರೊಳಗೆ ತೋರಿಸುವ ಇಂಡಿಕೇಟರ್) ಮೊದಲಿತ್ತು. ಹಾಗಾಗಿ ‘ಎಎ’ಯಲ್ಲಿ ಅದು ಕೂತಿತ್ತು, ಮೂವಿಂಗ್ ಆವರೇಜ್ ಪಕ್ಕದ ‘ಎಬಿ’ಗೆ ಸರಿದಿತ್ತು. ಇ-ಮಿನಿಯಲ್ಲಾದರೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಸಾವಿರಗಳಲ್ಲಿರುವ ಬೆಲೆಯ ಪಕ್ಕ 60 ಅನ್ನೋ ಅಂಕಿ ಎದ್ದು ಕಾಣುತ್ತದೆ ಅಲ್ವಾ? ಕ್ರೂಡ್ ಬೆಲೆ ಆಗ 70 ಡಾಲರ್ ಆಸುಪಾಸಿನಲ್ಲಿತ್ತು. ಆರ್‌ಎಸ್‌ಐ ಕೂಡ 60, 70ರಲ್ಲೇ ಓಡಾಡುತ್ತಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಇದಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟಿದ್ದು ಸ್ಟಾಪ್ ಲಾಸ್, ಅಂದರೆ ನಷ್ಟ ಇಷ್ಟಾದರೆ ಟ್ರೇಡ್‌ನಿಂದ ಹೊರಬರುವ ಆರ್ಡರ್. ಇ-ಮಿನಿಯ ಟಿಕ್ (ಬೆಲೆ ಬದಲಾಗುವ ಅತಿ ಸಣ್ಣ ಹೆಜ್ಜೆ) 0.25 ಪಾಯಿಂಟ್. ನನ್ನ ಸ್ಟಾಪ್ 8 ಟಿಕ್, ಅಂದರೆ 2 ಪಾಯಿಂಟ್, ಒಂದು ಕಾಂಟ್ರಾಕ್ಟ್‌ಗೆ 100 ಡಾಲರ್. ಫಾರ್ಮುಲಾದಲ್ಲಿ ಆ 2 ನೇರವಾಗಿ ಬರೆದಿತ್ತು. ಕ್ರೂಡ್‌ನ ಟಿಕ್ 0.01, ಅಲ್ಲಿ 2 ಅಂದರೆ 200 ಟಿಕ್. ಒಂದು ಕಾಂಟ್ರಾಕ್ಟ್ 1,000 ಬ್ಯಾರೆಲ್, ಅಲ್ಲಿಗೆ 2,000 ಡಾಲರ್. ಸುಳ್ಳು ಸಿಗ್ನಲ್ ನಂಬಿ ಒಳಗೆ ಹೋದ ಟ್ರೇಡ್ ಅಷ್ಟು ದೂರದ ಸ್ಟಾಪ್ ಮುಟ್ಟುವ ತನಕ ಇಳಿಯುತ್ತಲೇ ಇತ್ತು. ಒಂದು ಎಚ್ಚರಿಕೆಯ ಸಾಲನ್ನೂ ತೋರಿಸದ ಸಾಫ್ಟ್‌ವೇರ್ ಮೇಲೆ ನನಗೆ ಈಗಲೂ ಸಿಟ್ಟಿದೆ.

ಫಾರ್ಮುಲಾ ಒಳಗೆ ಹಳೆಯ ಶೀಟಿನ ಹೆಸರಿದ್ದರೆ ಅದನ್ನೂ ನೋಡಿಕೊಳ್ಳಿ. ಕಾಪಿ ಆದ ಮೇಲೂ ಅದು ಹಳೆಯ ಚಾರ್ಟ್‌ನ ಬೆಲೆಯನ್ನೇ ಓದುತ್ತಿರಬಹುದು.

ಈಗ ನನ್ನ ಶೀಟ್‌ಗಳಲ್ಲಿ ಟಿಕ್ ಸೈಜ್‌ಗೆ ಬೇರೆಯೇ ಒಂದು ಸೆಲ್ ಇದೆ, ಸ್ಟಾಪ್ ಲೆಕ್ಕ ಅಲ್ಲಿಂದಲೇ ಬರುತ್ತದೆ. ಕಾಲಂನ ತಲೆಬರಹದಲ್ಲಿ ಬರುವ ಇಂಡಿಕೇಟರ್ ಹೆಸರನ್ನು ಬೈ ಫಾರ್ಮುಲಾ ಮೊದಲು ಹೋಲಿಸಿ ನೋಡುತ್ತದೆ. ಹೆಸರು ಬೇರೆಯಾದರೆ ಸಿಗ್ನಲ್ಲೇ ಇಲ್ಲ. ಹೊಸ ಚಾರ್ಟ್‌ಗೆ ಹಾಕಿದಾಗ ಮೊದಲು ಸಿಮ್ಯುಲೇಷನ್‌ನಲ್ಲೇ (ನಿಜವಾದ ಹಣ ಹಾಕದ ಪರೀಕ್ಷೆಯಲ್ಲಿ) ಓಡಿಸಿ. ಆಮೇಲೆ ಯಾವತ್ತಾದರೂ ಒಂದೇ ಒಂದು ಇಂಡಿಕೇಟರ್ ಸೇರಿಸಿದರೂ, ತೆಗೆದರೂ, ಆಟೋ ಟ್ರೇಡಿಂಗ್ ಆಫ್ ಮಾಡಿ ಕಾಲಂಗಳನ್ನು ಮತ್ತೆ ನೋಡಿ.