ತ್ರೀಡಿ ಸ್ಲೈಡ್ ಶೋಗೆ ನೇರ ನಿರೂಪಣೆಯೋ, ಧ್ವನಿಮುದ್ರಿತವೋ?

ಎರಡು–ಮೂರು ನಿಮಿಷದ ಹೂವಿನ ಚಿತ್ರಮಾಲೆಗೆ ಬರೀ ಸಂಗೀತ ಸಾಕು. ಅದಕ್ಕಿಂತ ಉದ್ದದ್ದಕ್ಕೆ ಮಾತು ಬೇಕೇ ಬೇಕು. ಪರದೆಯ ಮೇಲೆ ಬರಹ ಹಾಕಿ ಸುಧಾರಿಸೋಣವೆಂದರೆ, ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ತೋರಿಸಿ ಆಳ ಕಾಣಿಸುವ ತ್ರೀಡಿಯಲ್ಲಿ ಅಕ್ಷರ ಒಂದು ಆಳದಲ್ಲಿ, ದೃಶ್ಯ ಇನ್ನೊಂದರಲ್ಲಿ ನಿಂತು ಕಣ್ಣು ದಣಿಯುತ್ತದೆ.

ನೇರ ನಿರೂಪಣೆಯಲ್ಲಿ ಸಭೆಯ ಪ್ರತಿಕ್ರಿಯೆ ನೋಡಿ ವೇಗ ಬದಲಿಸಬಹುದು, ಪ್ರಶ್ನೆ ಬಂದರೆ ಚಿತ್ರ ನಿಲ್ಲಿಸಬಹುದು. ಆದರೆ ಕತ್ತಲಲ್ಲಿ ಟಿಪ್ಪಣಿ ಕಾಣುವುದಿಲ್ಲ. ಮಾತು ಲಂಬಿಸಿ ಒಂದೇ ಚಿತ್ರ ಅರ್ಧ ನಿಮಿಷ ನಿಂತುಬಿಡುತ್ತದೆ.

ಧ್ವನಿಮುದ್ರಿತದಲ್ಲಿ ಸಮಯ ನಿಮ್ಮ ಕೈಯಲ್ಲಿರುತ್ತದೆ, ತ್ರೀಡಿಗೆ ಅದೇ ಮುಖ್ಯ. ಹೊಸ ಚಿತ್ರ ಬಂದಾಗ ಎರಡೂ ಕಣ್ಣಿನ ನೋಟ ಕೂಡಿಕೊಳ್ಳಲು ಒಂದೆರಡು ಸೆಕೆಂಡ್ ಬಿಡಿ, ಆಮೇಲೆ ಮಾತು ಶುರುವಾಗಲಿ. ಹತ್ತು ಸೆಕೆಂಡಿನ ಚಿತ್ರಕ್ಕೆ 10–12 ಪದ ಸಾಕು. ‘ಇದೊಂದು ಸುಂದರ ಜಲಪಾತ’ ಎಂದರೆ ಕಾಣುವುದನ್ನೇ ಹೇಳಿದಂತಾಯಿತು. ‘ಎಡಗಡೆಯ ಬಂಡೆಯ ಹಿಂದೆ ನೋಡಿ, ಗುಹೆಯ ಬಾಯಿದೆ’ ಎಂದರೆ ನೋಟ ತಾನಾಗಿ ಒಳಗಿಳಿಯುತ್ತದೆ. ಒಳ್ಳೆಯ ನಿರೂಪಣೆಯ ಬೆಲೆ ಇರುವುದು ಇಲ್ಲೇ.

ಮೈಕ್ ಬಾಯಿಂದ 15–20 ಸೆಂ.ಮೀ. ದೂರದಲ್ಲಿ, ತುಸು ಓರೆಯಾಗಿರಲಿ. ನೇರ ಇಟ್ಟರೆ ಪ, ಫ, ಭ ಬಂದಾಗಲೆಲ್ಲ ಉಸಿರು ಬಡಿದು ಧಪ್ಪೆನ್ನುತ್ತದೆ. ಹಿನ್ನೆಲೆ ಸಂಗೀತ ಮಾತಿಗಿಂತ 15–20 ಡೆಸಿಬೆಲ್ ಕೆಳಗಿರಲಿ. ಸಾಹಿತ್ಯವಿರುವ ಹಾಡಂತೂ ಬೇಡ.

ಬೇರೆಯವರು ಓಡಿಸುವ ಪ್ರದರ್ಶನಕ್ಕೆ, ಸ್ಪರ್ಧೆಗೆ ಧ್ವನಿಮುದ್ರಿತವನ್ನೇ ಕಳಿಸಿ. ಸಭೆ ಚಿಕ್ಕದಿದ್ದು ನೀವೇ ಪ್ರೊಜೆಕ್ಟರ್ ಪಕ್ಕ ಇರುವುದಾದರೆ ನೇರ ಮಾತೇ ಲೇಸು, ಗಡಿಯಾರ ಇಟ್ಟುಕೊಂಡು ಎರಡು ಸಲ ಅಭ್ಯಾಸ ಮಾಡಿರಬೇಕು ಅಷ್ಟೇ.